ಓದುಗರ ಪ್ರಶ್ನೆ: ‘ಅಡೊಲೆಸೆನ್ಸ್’ ಸರಣಿಯ ಮೂರನೆಯ ಕಂತು

ಬ್ರಿಟನ್ನಿನ ‘ಅಡೊಲೆಸೆನ್ಸ್’ ಅಪರಾಧ ಸರಣಿಯ ಮೂರನೆಯ ಕಂತು ಈಚಿನ ವರ್ಷಗಳಲ್ಲಿ ಕಿರುತೆರೆಯ ಮೇಲೆ ನಾನು ಕಂಡ ಅತ್ಯುತ್ತಮ ಗಂಟೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಆ ಮಾತಿಗೆ ಒಪ್ಪಿ ಬಂದ ಪತ್ರಗಳಿಗಿಂತ ಒಪ್ಪದೆ ಬಂದವೇ ಹೆಚ್ಚು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಒಂದು ಕಂತಿಗೇ ಮೀಸಲಿಟ್ಟಿದ್ದೇನೆ.

ಸರಣಿಯನ್ನು ನೋಡದವರಿಗಾಗಿ ಒಂದೆರಡು ಮಾತು. 2025ರ ಮಾರ್ಚ್ 13ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ಇದರಲ್ಲಿ ಇರುವುದು ನಾಲ್ಕೇ ಕಂತುಗಳು. ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ ಬರೆದಿದ್ದಾರೆ, ಫಿಲಿಪ್ ಬ್ಯಾರಂಟೀನಿ ನಿರ್ದೇಶಿಸಿದ್ದಾರೆ. ಕೇಟಿ ಎಂಬ ಶಾಲಾ ಹುಡುಗಿಯನ್ನು ಚಾಕುವಿನಿಂದ ಇರಿದು ಕೊಂದ ಆರೋಪದ ಮೇಲೆ, ಅದೇ ಶಾಲೆಯ 13 ವರ್ಷದ ಜೇಮಿ ಮಿಲ್ಲರ್‌ನನ್ನು ಪೊಲೀಸರು ಬೆಳಗಿನ ಜಾವ ಮನೆಯ ಬಾಗಿಲು ಒಡೆದು ಹಿಡಿದೊಯ್ಯುವುದರಿಂದ ಕಥೆ ಆರಂಭವಾಗುತ್ತದೆ. ಮೂರನೆಯ ಕಂತು ನಡೆಯುವುದು ಅದಾದ ಏಳು ತಿಂಗಳ ಮೇಲೆ. ಜೇಮಿಯನ್ನು ಇರಿಸಿರುವ ಕೇಂದ್ರಕ್ಕೆ ಬ್ರೈಯೊನಿ ಎಂಬ ಮನಶ್ಶಾಸ್ತ್ರಜ್ಞೆ ಬರುತ್ತಾಳೆ. ನ್ಯಾಯಾಲಯಕ್ಕೆ ವರದಿ ಕೊಡಬೇಕಾದ ಅವಳಿಗೂ ಅವನಿಗೂ ನಡೆಯುವ ಕೊನೆಯ ಭೇಟಿಯೇ ಇಡೀ ಕಂತು. ಜೇಮಿಯಾಗಿ ಓವನ್ ಕೂಪರ್, ಬ್ರೈಯೊನಿಯಾಗಿ ಎರಿನ್ ಡೋಹರ್ಟಿ ನಟಿಸಿದ್ದಾರೆ. ಮುಂದಿನ ಉತ್ತರಗಳಲ್ಲಿ ಕಥೆಯ ಗುಟ್ಟುಗಳೆಲ್ಲ ಬರುತ್ತವೆ. ನೋಡಬೇಕೆಂದಿರುವವರು ನೋಡಿದ ಮೇಲೆಯೇ ಓದುವುದು ಒಳ್ಳೆಯದು.

ಪ್ರಶ್ನೆ: ಪತ್ತೇದಾರಿ ಕಥೆಯ ಜೀವವೇ ‘ಕೊಲೆಗಾರ ಯಾರು’ ಎಂಬ ಕುತೂಹಲ. ಇಲ್ಲಿ ಮೊದಲ ಕಂತಿನಲ್ಲಿಯೇ ಸಿಸಿಟಿವಿ ದೃಶ್ಯವನ್ನು ತೋರಿಸಿ ಅದನ್ನು ಮುಗಿಸಿಬಿಡುತ್ತಾರೆ. ಮೂರನೆಯ ಕಂತಿನಲ್ಲಂತೂ ಇಬ್ಬರು ಕುಳಿತು ಮಾತನಾಡುವುದನ್ನು ಬಿಟ್ಟರೆ ಏನೂ ನಡೆಯುವುದಿಲ್ಲ. ಇದು ಅಪರಾಧ ಸರಣಿ ಹೇಗಾಗುತ್ತದೆ?
– ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಬರೀ ಮಾತಿನಿಂದ ಕಥೆ ನಡೆಸುವುದು ಕನ್ನಡದ ವೀಕ್ಷಕರಿಗೆ ಹೊಸದಲ್ಲ. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳಿಗಾಗಿ ಮನೆಮಂದಿಯೆಲ್ಲ ಊಟದ ತಟ್ಟೆ ಹಿಡಿದು ಕಾದು ಕುಳಿತ ಸಂಜೆಗಳು ನಿಮಗೂ ನೆನಪಿರಬಹುದು. ಅಲ್ಲಿಯೂ ಪಾಟೀಸವಾಲೇ ಹೊರತು ಬೇರೇನೂ ನಡೆಯುತ್ತಿರಲಿಲ್ಲ. ಆದರೆ ಒಂದು ಪ್ರಶ್ನೆಗೂ ಮುಂದಿನ ಪ್ರಶ್ನೆಗೂ ನಡುವೆ ಸಾಕ್ಷಿಯ ಕಟಕಟೆಯಲ್ಲಿ ನಿಂತವನ ಬಣ್ಣ ಬದಲಾಗುತ್ತಿತ್ತು.

ಮೂರನೆಯ ಕಂತಿನಲ್ಲಿ ನಡೆಯುವುದೂ ಅಂಥದೇ. ಬ್ರೈಯೊನಿ ಒಳಗೆ ಬರುವಾಗ ಹುಡುಗನಿಗೆ ಬಿಸಿ ಚಾಕೊಲೇಟ್ ಪಾನೀಯ ತಂದಿರುತ್ತಾಳೆ, ಅವನಿಗೆ ಇಷ್ಟವೆಂದು ನೆನಪಿಟ್ಟು ಅದರ ಮೇಲೆ ಸಿಹಿಯನ್ನೂ ಹಾಕಿರುತ್ತಾಳೆ. ಅವನ ಮುಖ ಅರಳುತ್ತದೆ. ನಮ್ಮ ಮುಂದೆ ಕುಳಿತಿರುವುದು ಚುರುಕು ಮಾತಿನ, ತುಸು ತುಂಟನಾದ ಒಬ್ಬ ಶಾಲಾ ಹುಡುಗ. ಅವಳು ಅಜ್ಜನ ಬಗ್ಗೆ, ಅಪ್ಪನ ಬಗ್ಗೆ, ಗಂಡಸುತನವೆಂದರೆ ಅವನಿಗೆ ಏನು ಎಂಬುದರ ಬಗ್ಗೆ ಮೆಲ್ಲಗೆ ಕೇಳುತ್ತಾ ಹೋಗುತ್ತಾಳೆ. ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಅನುಮಾನ ಬಂದ ಕೂಡಲೇ ಅದೇ ಹುಡುಗ ಎದ್ದು ನಿಂತು ಅರಚುತ್ತಾನೆ, ಕಪ್ಪು ಹಾರಿ ಬೀಳುತ್ತದೆ. ಆಮೇಲೆ, 13 ವರ್ಷದವನಿಗೆ ಹೆದರಿದೆಯಲ್ಲ ಎಂದು ಅವಳನ್ನು ಹಂಗಿಸುತ್ತಾನೆ. ಕುಳಿತಿರುವ ವಯಸ್ಕ ಹೆಂಗಸಿನ ಮೇಲೆ ಬಾಗಿ ನಿಂತ ಆ ಎಳೆಯ ದೇಹವನ್ನು ಕಂಡಾಗ, ಕೇಟಿ ಆ ರಾತ್ರಿ ಎದುರಿಸಿದ್ದು ಯಾವ ಮುಖವನ್ನು ಎಂದು ನಮಗೆ ಗೊತ್ತಾಗುತ್ತದೆ. ಸಿಸಿಟಿವಿ ತೋರಿಸಿದ್ದು ಕೃತ್ಯವನ್ನು. ಮುಖವನ್ನು ತೋರಿಸುವುದು ಈ ಕಂತು. ನನ್ನ ಮಟ್ಟಿಗೆ ಸರಣಿಯ ನಿಜವಾದ ತನಿಖೆ ನಡೆಯುವುದು ಇಲ್ಲಿಯೇ, ಮತ್ತು ತನಿಖಾಧಿಕಾರಿಯ ಕೈಯಲ್ಲಿರುವ ಏಕೈಕ ಸಾಧನ ತಾಳ್ಮೆಯಿಂದ ಕೇಳಿಸಿಕೊಳ್ಳುವುದು.

‘ಯಾರು’ ಎಂಬ ಪ್ರಶ್ನೆ ಬೇಗ ಮುಗಿಯಿತೆಂಬ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅದು ಉಳಿದಿದ್ದರೆ ಬ್ರೈಯೊನಿಯ ಪ್ರತಿ ಪ್ರಶ್ನೆಯಲ್ಲಿಯೂ ನಾವು ಸುಳಿವನ್ನು ಹುಡುಕುತ್ತಿದ್ದೆವು, ಹುಡುಗನ ಮಾತು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ.

ಪ್ರಶ್ನೆ: ಪ್ರತಿ ಕಂತನ್ನೂ ಒಂದೇ ಶಾಟ್‌ನಲ್ಲಿ ತೆಗೆದಿದ್ದಾರೆ ಎನ್ನುವುದು ನಿಜವೇ, ಅಥವಾ ಸಂಕಲನದಲ್ಲಿ ಬೆಸುಗೆ ಹಾಕಿ ಹಾಗೆ ಕಾಣಿಸಿದ್ದಾರೆಯೇ? ಜೇಮಿ ನಡುವೆ ಆಕಳಿಸುವುದು ಸ್ಕ್ರಿಪ್ಟ್‌ನಲ್ಲಿ ಇತ್ತೇ?
– ರಂಗಭೂಮಿ ವಿದ್ಯಾರ್ಥಿ, ಧಾರವಾಡ

ಉತ್ತರ: ನಿಜ, ಬೆಸುಗೆ ಇಲ್ಲ. ಪ್ರತಿ ಕಂತಿಗೂ ವಾರಗಟ್ಟಲೆ ತಾಲೀಮು ನಡೆಸಿ, ಬಳಿಕ ಒಂದು ವಾರದುದ್ದಕ್ಕೂ ಆರಂಭದಿಂದ ಕೊನೆಯವರೆಗೆ ಮತ್ತೆ ಮತ್ತೆ ಆಡಿಸಿ, ಅವುಗಳಲ್ಲಿ ಒಂದು ಟೇಕನ್ನು ಇಡಿಯಾಗಿ ಆರಿಸಿಕೊಂಡಿದ್ದಾರೆ. ಮೂರನೆಯ ಕಂತಿನಲ್ಲಿ ನಾವು ನೋಡುವುದು ಹನ್ನೊಂದನೆಯ ಟೇಕ್. ನಾಟಕದವರಾದ ನಿಮಗೆ ಇದರ ಕಷ್ಟವೂ ಸುಖವೂ ಚೆನ್ನಾಗಿ ಗೊತ್ತಿರುತ್ತದೆ. ಪರದೆ ಎದ್ದ ಮೇಲೆ ಇಳಿಯುವವರೆಗೆ ಪಾತ್ರದಿಂದ ಹೊರಗೆ ಬರುವಂತಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಪ್ರೇಕ್ಷಕನ ಸ್ಥಾನದಲ್ಲಿರುವ ಕ್ಯಾಮೆರಾ ಮೇಜಿನ ಸುತ್ತ ನಡೆದಾಡುತ್ತಿರುತ್ತದೆ, ಮುಖದಿಂದ ಗೇಣುದ್ದದ ದೂರಕ್ಕೂ ಬಂದು ನಿಲ್ಲುತ್ತದೆ. ಕ್ಯಾಮೆರಾ ಹೊತ್ತವರ ಹೆಜ್ಜೆಗಳನ್ನೂ ನಟರ ಹೆಜ್ಜೆಗಳಷ್ಟೇ ಕಟ್ಟುನಿಟ್ಟಾಗಿ ತಾಲೀಮು ಮಾಡಿಸಬೇಕಾಗುತ್ತದೆ.

ಆಕಳಿಕೆ ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ಚಿತ್ರೀಕರಣದ ನಡುವೆ ಹುಡುಗನಿಗೆ ನಿಜವಾಗಿಯೂ ಆಕಳಿಕೆ ಬಂತು. ಡೋಹರ್ಟಿ ಪಾತ್ರದೊಳಗೇ ಇದ್ದು, ನನ್ನಿಂದ ನಿನಗೆ ಬೇಸರವಾಗುತ್ತಿದೆಯೇ ಎಂದು ಕೇಳಿಬಿಟ್ಟರು. ಹುಡುಗನ ಮುಖದಲ್ಲಿ ಮೂಡುವ ಆ ಕಳ್ಳ ನಗೆ ಬರೆದು ಮಾಡಿಸಿದ್ದಲ್ಲ. ಇನ್ನೊಂದು ಸಂಗತಿಯನ್ನು ಕೇಳಿದರೆ ನಿಮಗೆ ಇನ್ನೂ ಆಶ್ಚರ್ಯವಾಗಬಹುದು. ಎಲ್ಲ ಕಂತುಗಳಿಗಿಂತ ಮೊದಲು ಚಿತ್ರೀಕರಿಸಿದ್ದು ಮೂರನೆಯದನ್ನೇ, ಮತ್ತು ಅದಕ್ಕೆ ಮುಂಚೆ ಓವನ್ ಕೂಪರ್ ಎಲ್ಲಿಯೂ ಕ್ಯಾಮೆರಾದ ಮುಂದೆ ನಟಿಸಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ, 15ನೆಯ ವಯಸ್ಸಿಗೆ, ನಟನೆಗಾಗಿ ಎಮ್ಮಿ ಪ್ರಶಸ್ತಿ ಪಡೆದ ಗಂಡುಮಕ್ಕಳಲ್ಲಿ ಅತ್ಯಂತ ಕಿರಿಯನಾದ. ಡೋಹರ್ಟಿ ಅವರಿಗೂ ಅದೇ ರಾತ್ರಿ ಎಮ್ಮಿ ಬಂತು.

ಪ್ರಶ್ನೆ: ಕಂತಿನ ಕೊನೆಯಲ್ಲಿ ಜೇಮಿ ಕಚ್ಚಿಬಿಟ್ಟ ಸ್ಯಾಂಡ್‌ವಿಚ್ ಚೂರನ್ನು ಎತ್ತಲು ಹೋಗಿ ಬ್ರೈಯೊನಿ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ಅದು ಅಸಹ್ಯವೇ? ನಮ್ಮ ಮನೆಯಲ್ಲಿ ಈ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ‘ಎಂಜಲು’ ಎಂದು ಮುಟ್ಟಲಿಲ್ಲ ಎಂದು ನಮ್ಮ ಅತ್ತೆಯವರು ಹೇಳಿದರು.
– ಗೃಹಿಣಿ, ಮೈಸೂರು

ಉತ್ತರ: ನಿಮ್ಮ ಅತ್ತೆಯವರ ಮಾತು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಇಂಗ್ಲಿಷ್ ವೀಕ್ಷಕರಿಗೆ ಸುಲಭವಾಗಿ ಸಿಗದ ಒಂದು ಪದ ಅವರಿಗೆ ಸಹಜವಾಗಿ ಸಿಕ್ಕಿದೆ. ಎಂಜಲು ಎಂದರೆ ನಮ್ಮಲ್ಲಿ ಬರಿಯ ಕೊಳೆಯಲ್ಲ, ಒಬ್ಬರ ಬಾಯಿಯ ಗುರುತು ಇನ್ನೊಬ್ಬರಿಗೆ ತಗಲುವುದು. ಮಗುವಿನ ಎಂಜಲನ್ನು ತಾಯಿ ಅಸಹ್ಯಪಡದೆ ತಿನ್ನುತ್ತಾಳೆ. ಈ ಹುಡುಗನ ಹಲ್ಲಿನ ಗುರುತು ಆ ಬ್ರೆಡ್ಡಿನ ಮೇಲೆ ಸ್ಪಷ್ಟವಾಗಿ ಮೂಡಿದೆ. ಅದನ್ನು ಮುಟ್ಟುವುದೆಂದರೆ ಅವನೊಂದಿಗೆ ಅಂಥದೊಂದು ಸಂಬಂಧವನ್ನು ಒಪ್ಪಿಕೊಂಡಂತೆ. ಅವಳಿಗೆ ಅದು ಆಗುವುದಿಲ್ಲ.

ತುಸು ಹಿಂದೆ ಹೋಗಿ ನೋಡಿ. ಅದು ಅವಳು ತನ್ನ ಊಟಕ್ಕೆ ತಂದ ಸ್ಯಾಂಡ್‌ವಿಚ್. ಅದರ ಅರ್ಧವನ್ನು ಅವಳು ಅವನಿಗೆ ಕೊಡುತ್ತಾಳೆ. ಅದರಲ್ಲಿ ಚೀಸ್ ಜೊತೆಗೆ ‘ಪಿಕಲ್’ ಇದೆ. ಇದು ನಮ್ಮ ಉಪ್ಪಿನಕಾಯಿಯಲ್ಲ. ತರಕಾರಿಯ ಸಣ್ಣ ಚೂರುಗಳನ್ನು ವಿನಿಗರ್ ಮತ್ತು ಸಕ್ಕರೆಯಲ್ಲಿ ಬೇಯಿಸಿದ, ಕಂದು ಬಣ್ಣದ, ಹುಳಿಸಿಹಿಯಾದ ಗೊಜ್ಜಿನಂಥ ಪದಾರ್ಥ. ಅದು ತನಗೆ ಇಷ್ಟವಿಲ್ಲವೆಂದು ಜೇಮಿ ಹೇಳುತ್ತಾನೆ, ಆದರೂ ಕಚ್ಚುತ್ತಾನೆ. ಇಷ್ಟವಿಲ್ಲದ್ದನ್ನು ಕೊಟ್ಟರೆ ಏನು ಮಾಡುತ್ತಾನೆಂದು ಅವಳು ಪರೀಕ್ಷಿಸಿದಳು ಎಂದು ಕೆಲವು ವೀಕ್ಷಕರ ವಾದ. ನನಗೆ ಹಾಗೆ ಅನ್ನಿಸುವುದಿಲ್ಲ. ಹಂಚಿ ತಿನ್ನುವುದು ಪ್ರೀತಿಯ ಕೆಲಸ, ಆ ಕ್ಷಣದಲ್ಲಿ ಅವಳು ಅದನ್ನು ಪ್ರೀತಿಯಿಂದಲೇ ಮಾಡಿದ್ದಾಳೆ. ಅವಳಿಗೆ ಅವನು ಇಷ್ಟವಾಗಿದ್ದ. ಕೊನೆಗೆ ಅವಳನ್ನು ನಡುಗಿಸುವುದೂ ಅದೇ ಎಂದು ನಾನು ತಿಳಿದಿದ್ದೇನೆ.

ಪ್ರಶ್ನೆ: ಸತ್ತ ಹುಡುಗಿಯ ಬಗ್ಗೆ ಸರಣಿ ಏನನ್ನೂ ಹೇಳುವುದಿಲ್ಲ. ಅವಳ ಮನೆಯಿಲ್ಲ, ತಾಯಿಯಿಲ್ಲ. ಕೊಂದವನ ಒಳಮನಸ್ಸಿಗೆ ಒಂದಿಡೀ ಕಂತು ಮೀಸಲು. ಇದು ಅನ್ಯಾಯವಲ್ಲವೇ?
– ಪದವಿ ಕಾಲೇಜಿನ ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ಅನ್ಯಾಯ ಹೌದು, ಮತ್ತು ಬರೆದವರಿಗೆ ಅದು ಗೊತ್ತಿತ್ತು. ಎರಡನೆಯ ಕಂತಿನಲ್ಲಿ ಮಹಿಳಾ ಪೊಲೀಸ್ ಅಧಿಕಾರಿ ಮಿಶಾ ಫ್ರ್ಯಾಂಕ್ ಇದೇ ಮಾತನ್ನು ತನ್ನ ಸಹೋದ್ಯೋಗಿಗೆ ಹೇಳುತ್ತಾಳೆ: ನಾವೆಲ್ಲ ಜೇಮಿಯ ತಲೆಯೊಳಗೇ ಓಡಾಡುತ್ತಿದ್ದೇವೆ, ಎಲ್ಲರೂ ನೆನಪಿಟ್ಟುಕೊಳ್ಳುವುದು ಅವನನ್ನು, ಅವಳನ್ನಲ್ಲ. ಹೀಗೆ ಬಾಯಿಬಿಟ್ಟು ಹೇಳಿದ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ. ನನ್ನ ಹೊಗಳಿಕೆಯ ನಡುವೆಯೂ ನನ್ನನ್ನು ಕಾಡುವ ಕೊರತೆ ಇದೇ. ಐದನೆಯ ಕಂತೊಂದು ಇದ್ದು ಅದು ಕೇಟಿಯ ಮನೆಯಲ್ಲಿ ನಡೆದಿದ್ದರೆ ಎಂದು ನಾನೂ ಬಯಸಿದ್ದೇನೆ.

ಆದರೆ ಇದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಇನ್ನು ಕೆಲವು ಪತ್ರಗಳು. ‘ಆ ಹುಡುಗಿಯೂ ಕಡಿಮೆಯವಳೇನಲ್ಲ, ಅವನನ್ನು ಎಲ್ಲರ ಮುಂದೆ ಗೇಲಿ ಮಾಡಿದ್ದಳಲ್ಲ’ ಎಂದು ಅವುಗಳಲ್ಲಿ ಬರೆದಿದೆ. ಕೇಟಿ ಅವನ ಇನ್‌ಸ್ಟಾಗ್ರಾಂ ಚಿತ್ರಗಳ ಕೆಳಗೆ ಎಮೋಜಿಗಳನ್ನು ಹಾಕಿ ಅವನನ್ನು ‘ಇನ್‌ಸೆಲ್’ ಎಂದು ಹಂಗಿಸಿದ್ದು ನಿಜ. ಯಾವ ಹೆಣ್ಣೂ ತನ್ನನ್ನು ಒಪ್ಪುವುದಿಲ್ಲ ಎಂಬ ಕಹಿಯನ್ನೇ ತಮ್ಮ ಗುರುತಾಗಿ ಮಾಡಿಕೊಂಡ ಗಂಡಸರಿಗೆ ಅಂತರ್ಜಾಲದಲ್ಲಿ ಇರುವ ಹೆಸರು ಅದು. ಆದರೆ ಅದಕ್ಕೆ ಮುಂಚೆ ಏನಾಯಿತೆಂಬುದನ್ನು ಮೂರನೆಯ ಕಂತಿನಲ್ಲಿ ಜೇಮಿಯೇ ಹೇಳುತ್ತಾನೆ, ದಯವಿಟ್ಟು ಅದನ್ನು ಇನ್ನೊಮ್ಮೆ ಕೇಳಿ. ಒಬ್ಬ ಹುಡುಗನನ್ನು ನಂಬಿ ಕೇಟಿ ಕಳುಹಿಸಿದ ಖಾಸಗಿ ಚಿತ್ರ ಶಾಲೆಯ ಹುಡುಗರ ಫೋನುಗಳಲ್ಲೆಲ್ಲ ಹರಿದಾಡಿತ್ತು. ಅವಳು ಕುಗ್ಗಿಹೋಗಿದ್ದ ಆ ಹೊತ್ತನ್ನೇ ನೋಡಿಕೊಂಡು, ಈಗಲಾದರೆ ಒಪ್ಪಿಯಾಳೆಂದು ಲೆಕ್ಕ ಹಾಕಿ, ಜೇಮಿ ಅವಳನ್ನು ಜಾತ್ರೆಗೆ ಕರೆದ. ಅವಳು ಒಲ್ಲೆನೆಂದಳು. ಅವಳ ದೇಹವನ್ನು ಮುಟ್ಟಬಹುದಾಗಿದ್ದರೂ ತಾನು ಮುಟ್ಟಲಿಲ್ಲ, ಬೇರೆ ಹುಡುಗರಾಗಿದ್ದರೆ ಮುಟ್ಟುತ್ತಿದ್ದರು, ಆದ್ದರಿಂದ ತಾನು ಅವರಿಗಿಂತ ಒಳ್ಳೆಯವನು ಎಂದು ಬ್ರೈಯೊನಿಯ ಒಪ್ಪಿಗೆಯನ್ನು ನಿರೀಕ್ಷಿಸುತ್ತಾ ಅವನು ಹೇಳುತ್ತಾನೆ. ಕೈಯಲ್ಲಿ ಚಾಕು ಹಿಡಿದಿದ್ದ ಹೊತ್ತಿನ ಬಗ್ಗೆ ಅವನು ಆಡುವ ಮಾತು ಇದು!

ಈ ಕಂತಿನಲ್ಲಿ ಕೇಟಿಯ ವಿಷಯವೆಲ್ಲ ನಮಗೆ ಸಿಗುವುದು ಅವಳನ್ನು ಕೊಂದವನ ಬಾಯಿಂದ. ಅವನ ಮಾತಿಗೆ ಎದುರು ನಿಂತು ಅವಳನ್ನು ಕೇಳಿಸಿಕೊಳ್ಳಬೇಕಾದ ಹೊಣೆ ನೋಡುವವರ ಮೇಲೆ ಬೀಳುತ್ತದೆ. ಕಂತು ಹೇಳದಿರುವ ಸಾಂತ್ವನವನ್ನು ನಾವೇ ಹುಡುಗನಿಗೆ ಒದಗಿಸಿಕೊಟ್ಟು ‘ಅವಳೂ ಹಾಗೆ ಮಾಡಬಾರದಿತ್ತು’ ಎಂದರೆ, ಅವನ ಲೆಕ್ಕವನ್ನು ನಾವೂ ಒಪ್ಪಿದಂತಾಗುತ್ತದೆ. 13 ವರ್ಷದ ಹುಡುಗಿಯ ಕಟಕಿಯನ್ನೂ ಕೊಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪಲಾರೆ.

ಪ್ರಶ್ನೆ: ಇದು ನಿಜವಾಗಿ ನಡೆದ ಘಟನೆಯೇ?
– ಓದುಗರು, ಹೊಸಪೇಟೆ

ಉತ್ತರ: ಯಾವುದೇ ಒಂದು ಪ್ರಕರಣದ ಕಥೆಯಲ್ಲ. ಬ್ರಿಟನ್ನಿನಲ್ಲಿ ಹುಡುಗರು ಹುಡುಗಿಯರನ್ನು ಇರಿದ ಸುದ್ದಿಗಳು ಒಂದರ ಮೇಲೊಂದು ಬಂದಾಗ ಗ್ರಹಾಂ ಅವರಿಗೆ ಇದನ್ನು ಬರೆಯಬೇಕೆನ್ನಿಸಿತು. ನಿರ್ದಿಷ್ಟ ಪ್ರಕರಣವೊಂದರ ಹೆಸರು ಹೇಳಿ ಹರಡಿದ ಸುದ್ದಿಗಳನ್ನು ಥಾರ್ನ್ ಅಲ್ಲಗಳೆದಿದ್ದಾರೆ.

ಪ್ರಶ್ನೆ: ಜೇಮಿಯಂಥ ಬಾಲಕ ನಮ್ಮ ರಾಜ್ಯದಲ್ಲಿದ್ದಿದ್ದರೆ ಅವನನ್ನು ಹೀಗೆ ಮನಶ್ಶಾಸ್ತ್ರಜ್ಞರ ಮುಂದೆ ಕೂರಿಸುತ್ತಿದ್ದರೇ?
– ಕಾನೂನು ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ದಾರಿ ಬಹುಮಟ್ಟಿಗೆ ಬೇರೆಯೇ ಆಗಿರುತ್ತಿತ್ತು. ಇಂಗ್ಲೆಂಡಿನಲ್ಲಿ 10 ವರ್ಷ ತುಂಬಿದ ಮಗುವನ್ನು ಅಪರಾಧಕ್ಕೆ ಹೊಣೆ ಮಾಡಬಹುದು, ಕೊಲೆಯ ಆರೋಪವಿದ್ದರೆ ವಯಸ್ಕರ ವಿಚಾರಣೆ ನಡೆಯುವ ಕ್ರೌನ್ ನ್ಯಾಯಾಲಯಕ್ಕೇ ಕಳುಹಿಸುತ್ತಾರೆ. ನಮ್ಮ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 13 ವರ್ಷದವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಪರಾಧ ಎಷ್ಟೇ ಘೋರವಾಗಿದ್ದರೂ ಆ ವಯಸ್ಸಿನವನ ಪ್ರಕರಣ ಮಂಡಳಿಯಲ್ಲಿಯೇ ಇತ್ಯರ್ಥವಾಗಬೇಕು, ಮತ್ತು ಮಂಡಳಿ ಅವನನ್ನು ವಿಶೇಷ ಗೃಹದಲ್ಲಿ ಇರಿಸಬಹುದಾದ ಗರಿಷ್ಠ ಅವಧಿ ಮೂರು ವರ್ಷ.

ನಿಮಗೆ ಉಪಯೋಗಕ್ಕೆ ಬರುವ ಹೋಲಿಕೆ ಇರುವುದು 15ನೆಯ ಕಲಮಿನಲ್ಲಿ. 16 ವರ್ಷ ದಾಟಿದವರು ಘೋರ ಅಪರಾಧ ಎಸಗಿದ ಆರೋಪವಿದ್ದಾಗ, ಅವರಿಗೆ ಆ ಕೃತ್ಯವನ್ನು ಎಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ ಇತ್ತೇ, ಪರಿಣಾಮವನ್ನು ಅರಿಯುವ ಶಕ್ತಿ ಇತ್ತೇ, ಯಾವ ಸನ್ನಿವೇಶದಲ್ಲಿ ಅದು ನಡೆಯಿತು ಎಂಬುದನ್ನು ಮಂಡಳಿ ಮೊದಲು ಅಂದಾಜು ಮಾಡಬೇಕು. ಅದಕ್ಕೆ ಅನುಭವಿ ಮನಶ್ಶಾಸ್ತ್ರಜ್ಞರ ನೆರವು ಪಡೆಯಬಹುದು. ಆ ಕಲಮನ್ನು ಪಕ್ಕದಲ್ಲಿಟ್ಟುಕೊಂಡು ಈ ಕಂತನ್ನು ನೋಡಿ. ‘ಪರಿಣಾಮವನ್ನು ಅರಿಯುವ ಶಕ್ತಿ’ ಎಂಬ ಮೂರು ಪದಗಳನ್ನು ಒಬ್ಬ ಹುಡುಗನ ಮುಖದ ಎದುರು ಕುಳಿತು ಅಳೆಯುವುದು ಎಷ್ಟು ಕಠಿಣವೆಂಬುದು ಯಾವ ವ್ಯಾಖ್ಯಾನ ಗ್ರಂಥಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಸಾವು ಎಂದರೇನು ಎಂದು ಬ್ರೈಯೊನಿ ಅವನನ್ನು ನೇರವಾಗಿಯೇ ಕೇಳುವುದನ್ನು ಗಮನಿಸಿ.

ಪ್ರಶ್ನೆ: ಸಿಸಿಟಿವಿ ಕೋಣೆಯ ಕಾವಲುಗಾರನ ಪಾತ್ರ ಯಾಕೆ ಬೇಕಿತ್ತು? ಕಥೆಗೆ ಸಂಬಂಧವೇ ಇಲ್ಲ ಎಂದು ನನ್ನ ಯಜಮಾನರು ಹೇಳುತ್ತಾರೆ.
– ಕನ್ನಡತಿ, ಲೆಸ್ಟರ್

ಉತ್ತರ: ಸಂಬಂಧವಿದೆ. ಜೇಮಿಯ ಕೂಗಾಟದಿಂದ ತತ್ತರಿಸಿದ ಬ್ರೈಯೊನಿ ಒಂದು ನಿಮಿಷ ಉಸಿರಾಡಲೆಂದು ಹೊರಗೆ ಬಂದರೆ, ಅಲ್ಲಿ ಈ ಮನುಷ್ಯ ಮೈಮೇಲೆ ಬಿದ್ದಂತೆ ಮಾತಿಗೆ ನಿಲ್ಲುತ್ತಾನೆ, ಅವಳ ಕೆಲಸದ ಬಗ್ಗೆ ಅವಳಿಗೇ ಹೇಳಲು ತೊಡಗುತ್ತಾನೆ. ಕೆಟ್ಟವನೇನಲ್ಲ. ಆದರೆ ತಾನು ಮಾತನಾಡಿಸಿದರೆ ಹೆಂಗಸು ನಿಂತು ನಗುನಗುತ್ತಾ ಉತ್ತರಿಸಬೇಕೆಂಬುದು ಅವನಿಗೆ ಸಹಜವೆನ್ನಿಸಿದೆ. ನಿಮಗೆ ಅದು ಕೂಡಲೇ ಹೊಳೆದಿರಬೇಕು, ನಿಮ್ಮ ಯಜಮಾನರಿಗೆ ಹೊಳೆಯದಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಮೊದಲ ಸಲ ನೋಡಿದಾಗ ನನಗೂ ಹೊಳೆದಿರಲಿಲ್ಲ, ನನ್ನ ಅಕ್ಕ ಹೇಳಿದ ಮೇಲೆ ಗೊತ್ತಾಯಿತು.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಅವನ ಜೊತೆ ಕುಳಿತು ಇದನ್ನು ನೋಡಬಹುದೇ? ಹೇಗೆ ಮಾತು ಆರಂಭಿಸಲಿ?
– ತಂದೆ, ತುಮಕೂರು

ಉತ್ತರ: ಮೊದಲು ನೀವೊಬ್ಬರೇ ನೋಡಿ. ಭಾಷೆ ಒರಟಾಗಿದೆ, ಮೂರನೆಯ ಕಂತಿನ ಕೂಗಾಟ ಎಳೆಯರನ್ನು ಹೆದರಿಸಬಹುದು. ಬ್ರಿಟನ್ನಿನಲ್ಲಿ 2025ರ ಮಾರ್ಚ್ ಕೊನೆಯಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಅವರ ಬೆಂಬಲದೊಂದಿಗೆ ಎಲ್ಲ ಪ್ರೌಢಶಾಲೆಗಳಿಗೂ ಇದನ್ನು ಉಚಿತವಾಗಿ ಒದಗಿಸಲಾಯಿತು, ಆದರೆ ಅಲ್ಲಿ ಶಿಕ್ಷಕರು ಜೊತೆಗಿರುತ್ತಾರೆ.

ನಾನು ನೋಡಿದ್ದು ಅಕ್ಕನ ಮಗನ ಜೊತೆ, ಅವನಿಗೂ 14 ವರ್ಷ. ಎರಡನೆಯ ಕಂತಿನಲ್ಲಿ ತನಿಖಾಧಿಕಾರಿಯ ಮಗ ಅಪ್ಪನಿಗೆ ಎಮೋಜಿಗಳ ಒಳಅರ್ಥವನ್ನು ಬಿಡಿಸಿ ಹೇಳುವಾಗ ನಾನು ರಿಮೋಟ್ ಒತ್ತಿ ನಿಲ್ಲಿಸಿ, ‘ಇದೆಲ್ಲ ನಿಜವೇನೋ’ ಎಂದು ಕೇಳಿದೆ. ಅವನು ನನ್ನ ಕಡೆ ತಿರುಗದೆ, ‘ನಮ್ಮ ಕ್ಲಾಸಲ್ಲಿ ಬೇರೆ ಥರ ಇದೆ, ಮಾಮ’ ಎಂದ. ಆಮೇಲೆ ಅರ್ಧ ಗಂಟೆ ಅವನೇ ಮಾತನಾಡಿದ. ಉಪದೇಶ ಮಾಡಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ಕಷ್ಟಪಟ್ಟು ತಡೆದುಕೊಂಡೆ. ನಿಮಗೂ ಅಷ್ಟನ್ನೇ ಹೇಳಬಲ್ಲೆ. ಅವನಿಗೆ ಗೊತ್ತಿರುವುದನ್ನು ಅವನಿಂದ ಕೇಳಿ. ಫೋನಿನ ಬಳಕೆ ಕೈಮೀರಿದೆ ಎನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಅದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ. ದೂರವಾದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ: ಕಾವಲಿನವರು ಎಳೆದೊಯ್ಯುವಾಗ ಜೇಮಿ ‘ನಾನು ನಿನಗೆ ಇಷ್ಟವೇ?’ ಎಂದು ಕೂಗುತ್ತಾನೆ. ಅವಳು ಬಾಯಿ ಬಿಡುವುದಿಲ್ಲ. ನಾನಾಗಿದ್ದರೆ ‘ಹೌದು ಮಗು’ ಎನ್ನುತ್ತಿದ್ದೆ. ಅಷ್ಟು ಕಲ್ಲುಮನಸ್ಸು ಬೇಕೇ?
– ಅಂಗನವಾಡಿ ಕಾರ್ಯಕರ್ತೆ, ಶಿರಸಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದಿನವೂ ಮಕ್ಕಳ ನಡುವೆ ಇರುವ ನಿಮ್ಮ ಬಾಯಿಂದ ‘ಹೌದು’ ಬಿಟ್ಟು ಬೇರೆ ಮಾತು ಬರಲಿಕ್ಕಿಲ್ಲ. ಅದೇ ಕಂತಿನಲ್ಲಿ ಮೊದಲೊಮ್ಮೆ ಅವನು ತಾನು ಕುರೂಪಿ ಎನ್ನುತ್ತಾನೆ, ಅಲ್ಲವೆಂದು ಅವಳು ಹೇಳಲೆಂದು ಕಾಯುತ್ತಾನೆ. ಆಗಲೂ ಅವಳು ಹೇಳುವುದಿಲ್ಲ. ಅವಳು ಚಿಕಿತ್ಸೆಗೆ ಬಂದವಳಲ್ಲ, ನ್ಯಾಯಾಲಯಕ್ಕೆ ವರದಿ ಬರೆಯಬೇಕಾದವಳು. ಇಷ್ಟ ಎಂದರೆ ಅವಳು ಇನ್ನೊಮ್ಮೆ ಬಾರದ ಕೋಣೆಯಲ್ಲಿ ಅವನ ಕೈಗೊಂದು ಸುಳ್ಳು ಆಸರೆ ಕೊಟ್ಟಂತೆ, ಇಷ್ಟವಿಲ್ಲ ಎಂದರೆ ಅವಳು ಕೇಟಿಯ ಸ್ಥಾನದಲ್ಲಿ ಬಂದು ನಿಂತಂತೆ.

ಆದರೆ ಕಲ್ಲುಮನಸ್ಸಲ್ಲ. ಬಾಗಿಲು ಮುಚ್ಚಿದ ಮೇಲೆ ಕ್ಯಾಮೆರಾ ಅವನ ಹಿಂದೆ ಹೋಗದೆ ಅವಳ ಬಳಿಯೇ ಉಳಿಯುತ್ತದೆ. ತಡೆದಿಟ್ಟ ಉಸಿರು ಆಗ ಒಡೆಯುತ್ತದೆ, ಕಣ್ಣು ತುಂಬುತ್ತದೆ. ಅಷ್ಟು ಹೊತ್ತು ಯಾರ ಮುಂದೆಯೂ ತೋರಿಸದ ನಡುಕ ಖಾಲಿ ಕುರ್ಚಿಯ ಎದುರು ನಿಂತ ಅವಳ ಮೈಯೆಲ್ಲ ಹರಡುತ್ತದೆ, ಮೇಜಿನ ಮೇಲೆ ಅರ್ಧ ಸ್ಯಾಂಡ್‌ವಿಚ್ ಹಾಗೆಯೇ ಬಿದ್ದಿರುತ್ತದೆ.